ಪರೀಕ್ಷೆಗೆ ಬರುತ್ತಿದ್ದ ರೈಟರ್ ತಾತ

ವೈದ್ಯಕೀಯ ವಿದ್ಯಾರ್ಥಿಗಳ ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಇರುವುದಿಲ್ಲ. ಅದರ ಬದಲು ಮಂಚದ ಮೇಲೆ ಒಬ್ಬ ಜೀವಂತ ಮನುಷ್ಯ ಕೂತಿರುತ್ತಾನೆ. ವಿದ್ಯಾರ್ಥಿಗೆ ಒಂದು ಗಂಟೆ ಕೊಡುತ್ತಾರೆ. ಅಷ್ಟರಲ್ಲಿ ಅವನನ್ನು ಮಾತಾಡಿಸಿ, ಮುಟ್ಟಿ, ತಟ್ಟಿ, ರೋಗ ಎಲ್ಲಿದೆ ಏನಿದೆ ಎಂದು ಕಂಡುಹಿಡಿದು ಪರೀಕ್ಷಕರ ಮುಂದೆ ಒಪ್ಪಿಸಬೇಕು. ಹೀಗೆ ಕೂರುವವರನ್ನು ನಾವು 'ಕೇಸು' ಎನ್ನುತ್ತೇವೆ. ಕೊಡಗಿನ ಆ ಆಸ್ಪತ್ರೆಗೆ ನಾನು ಸೇರಿದ ವರ್ಷ, ಹೊಸಬನಿಗೆ ಇದೇ ಸರಿ ಎಂದು ನರರೋಗದ ಕೇಸುಗಳನ್ನು ಹೊಂದಿಸುವ ಕೆಲಸವನ್ನೂ, ಆ ಕೇಸುಗಳಿಗೆ ವಿದ್ಯಾರ್ಥಿಗಳನ್ನು ತಯಾರು ಮಾಡುವ ಕೆಲಸವನ್ನೂ ನನ್ನ ತಲೆಗೇ ಕಟ್ಟಿದರು.

ಜ್ವರದ ಕೇಸು ಹುಡುಕುವುದು ಕಷ್ಟ. ಪರೀಕ್ಷೆಯ ಹೊತ್ತಿಗೆ ರೋಗಿ ಗುಣವಾಗಿ ಮನೆಗೆ ಹೋಗಿರುತ್ತಾನೆ. ನರದ ಕೇಸು ಹಾಗಲ್ಲ, ಅದು ಎಲ್ಲಿಗೂ ಹೋಗುವುದಿಲ್ಲ. ಆದ್ದರಿಂದ ಅದದೇ ಜನ ವರ್ಷವರ್ಷವೂ ಬರುತ್ತಿದ್ದರು. ಪಾರ್ಶ್ವವಾಯುವಾದ ಒಬ್ಬ ನಿವೃತ್ತ ಮೇಷ್ಟ್ರು, ಕೈ ನಡುಗುವ ಒಬ್ಬ ಅಜ್ಜಿ, ಮುಖ ಒಂದು ಕಡೆ ವಾಲಿದ ಒಬ್ಬ ಡ್ರೈವರ್. "ಫೋನ್ ಮಾಡಿದ್ರೆ ಸಾಕು, ಅವರೇ ಬರ್ತಾರೆ. ಯಾರನ್ನ ಮರೆತ್ರೂ ರೈಟರ್ ತಾತನ್ನ ಮರೀಬೇಡಿ, ಆಮೇಲೆ ಅವರು ನನ್ನನ್ನ ಬಿಡಲ್ಲ" ಎಂದರು ನಮ್ಮ ವಿಭಾಗದ ಮುಖ್ಯಸ್ಥರು.

ರೈಟರ್ ತಾತ ಪಾಲಿಬೆಟ್ಟದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಬೆಳಿಗ್ಗೆ ಮಸ್ಟರ್ ಪುಸ್ತಕ ಹಿಡಿದು ಆಳುಗಳ ಹಾಜರಿ ಕರೆಯುವುದು, ಸಂಜೆ ಕಾಫಿ ಕೊಯ್ಲಿನ ಪಿಕ್ಕಿಂಗ್ ಮುಗಿದ ಮೇಲೆ ಹಣ್ಣು ಅಳೆಸುವುದು ಅವರ ಕೆಲಸ. ಮಧ್ಯವಯಸ್ಸಿನಲ್ಲಿ ಬೆನ್ನುಮೂಳೆಗೆ ಕ್ಷಯ ತಗಲಿತು. ಕ್ಷಯವೇನೋ ವಾಸಿಯಾಯಿತು, ಆದರೆ ಅಷ್ಟರಲ್ಲಿ ಅದು ಬೆನ್ನುಹುರಿಯನ್ನು ಅದುಮಿ ಹಾಳುಮಾಡಿತ್ತು. ಹೊಕ್ಕುಳಿನಿಂದ ಕೆಳಕ್ಕೆ ಸ್ಪರ್ಶ ಮಂಕು, ಎರಡೂ ಕಾಲು ಬಿಗಿ. ಎರಡು ಕೋಲು ಊರಿ ಮೈಯನ್ನು ತೋಳಿನ ಮೇಲೆ ಹಾಕಿ ನಡೆಯುತ್ತಿದ್ದರು. ಕುಶಾಲನಗರದ ಹತ್ತಿರ ಶುಂಠಿ, ಜೋಳ ಬೆಳೆಯುವ ಮಗಳು ಅಳಿಯನ ಜೊತೆ ಇದ್ದರು. ತಾತನ ಹಿರಿಯರು ಹಾಸನದ ಕಡೆಯಿಂದ ಬಂದು ಅಲ್ಲಿ ನೆಲೆಸಿದವರು, ಮಾತಿನಲ್ಲೂ ಹಾಸನ ಹಾಗೆಯೇ ಉಳಿದಿತ್ತು.

ಪಾಠಕ್ಕೆ ಅವರಂಥ ಕೇಸು ಸಿಗುವುದಿಲ್ಲ. ಮಂಡಿಗೆ ಸುತ್ತಿಗೆ ತಾಗಿಸಿದರೆ ಕಾಲು ಚಿಮ್ಮುತ್ತಿತ್ತು. ಪಾದವನ್ನು ಮೇಲಕ್ಕೆ ದಬ್ಬಿ ಹಿಡಿದರೆ ಪಟಪಟನೆ ತಾನೇ ಕುಣಿಯುತ್ತಿತ್ತು. ಅಂಗಾಲನ್ನು ಕೆರೆದರೆ ಹೆಬ್ಬೆರಳು ಠೀವಿಯಿಂದ ಮೇಲೇಳುತ್ತಿತ್ತು. ಆರೋಗ್ಯವಂತ ಮನುಷ್ಯನಲ್ಲಿ ಅದು ಕೆಳಗೆ ಬಾಗಬೇಕು. ಎಷ್ಟೋ ಬ್ಯಾಚುಗಳು ಆ ಹೆಬ್ಬೆರಳನ್ನು ನೋಡಿ ಪಾಸಾಗಿದ್ದವು. ಹಿರಿಯರಿಂದ ಕಿರಿಯರಿಗೆ ಅವರ ಕೇಸಿನ ಉತ್ತರ ಬಾಯಿಂದ ಬಾಯಿಗೆ ದಾಟುತ್ತಿತ್ತು. ಸಾಲದ್ದಕ್ಕೆ ತಾತ ತಾವೇ ಹೇಳಿಕೊಡುತ್ತಿದ್ದರು. ಹೆದರಿ ಬೆವರುವ ಹುಡುಗರನ್ನು ಕಂಡರೆ "ಡಾರ್ಸಲ್ ಟೆನ್ ಕಣಪ್ಪ, ಬರ್ಕೋ" ಎಂದು ಬೆನ್ನುಹುರಿ ಕೆಟ್ಟ ಜಾಗವನ್ನೇ ಪಿಸುಗುಡುವ ಕೇಸು ಇನ್ನೆಲ್ಲಾದರೂ ಉಂಟೋ ನನಗೆ ಗೊತ್ತಿಲ್ಲ.

ಮಳೆಗಾಲದಿಂದಲೇ ನಾನು ಸಂಜೆ ಪಾಠ ಶುರುಮಾಡಿದೆ. ವಾರ್ಡಿನ ಹೊರಗಿನ ಉದ್ದ ಪಡಸಾಲೆಯಲ್ಲಿ ಹುಡುಗ ಹುಡುಗಿಯರು ಸ್ವೆಟರು ಹಾಕಿಕೊಂಡು ಒಬ್ಬರ ಮಂಡಿಗೆ ಒಬ್ಬರು ಸುತ್ತಿಗೆ ಹೊಡೆಯುತ್ತಿದ್ದರು. ಮೊದಮೊದಲು ಎಲ್ಲರೂ ಶುಂಠಿ ಜಜ್ಜಿದ ಹಾಗೆ ಜಜ್ಜುತ್ತಿದ್ದರು. "ಸುತ್ತಿಗೆಯ ತೂಕ ತಾನೇ ಬೀಳಬೇಕು, ನೀವು ಹೊಡೀಬೇಡಿ, ಬರೀ ಬಿಡಿ" ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗುತ್ತಿತ್ತು. ಸ್ಪರ್ಶ ನೋಡಲು ತಂದ ಹತ್ತಿ ತೇವಕ್ಕೆ ಮುದ್ದೆಯಾಗಿ ಎಳೆ ಬಿಡಿಸಲು ಬರುತ್ತಿರಲಿಲ್ಲ. ಕಂಪನ ನೋಡುವ ಟ್ಯೂನಿಂಗ್ ಫೋರ್ಕ್ ಆ ಚಳಿಗೆ ಎಷ್ಟು ತಣ್ಣಗಿರುತ್ತಿತ್ತೆಂದರೆ, ಮೂಳೆಗೆ ಇಟ್ಟ ಕೂಡಲೇ ರೋಗಿಗಳು ಕಂಪನ ಗೊತ್ತಾಗುವ ಮೊದಲೇ "ಅಯ್ಯೋ" ಎನ್ನುತ್ತಿದ್ದರು. ಅಂಗಾಲು ಕೆರೆಯುವ ಪಾಠದಲ್ಲಂತೂ ಬೇರೆಯೇ ತಾಪತ್ರಯ. ಹಿರಿಯರನ್ನು ಕಂಡರೆ ಬಗ್ಗಿ ಕಾಲು ಮುಟ್ಟಿ ಎದೆಗೆ ಕೈ ಒತ್ತಿಕೊಳ್ಳುವ ಮನೆಗಳಿಂದ ಬಂದ ಮಕ್ಕಳಿಗೆ, ಅದೇ ಕಾಲನ್ನು ಬೈಕಿನ ಕೀಲಿಯಿಂದ ಕೆರೆಯಿರಿ ಎಂದರೆ ಕೈ ಬರುತ್ತಿರಲಿಲ್ಲ. ಮೆತ್ತಗೆ ಸವರುತ್ತಿದ್ದರು, ಅಜ್ಜಂದಿರಿಗೆ ಕಚಗುಳಿಯಾಗಿ ಕಾಲು ಎಳೆದುಕೊಳ್ಳುತ್ತಿದ್ದರು. ಕಡೆಗೆ ಒಬ್ಬಳು ದಾರಿ ಕಂಡುಕೊಂಡಳು. ಮೊದಲು ಬಗ್ಗಿ ಕಾಲು ಮುಟ್ಟಿ ನಮಸ್ಕರಿಸುವುದು, ಅಜ್ಜ "ಒಳ್ಳೇದಾಗ್ಲಿ" ಎಂದು ಮೈ ಸಡಿಲ ಬಿಟ್ಟ ಕೂಡಲೇ ಕೀಲಿ ಎಳೆಯುವುದು. ನಾನು ಕಲಿಸಿದ್ದಕ್ಕಿಂತ ಅದೇ ಚೆನ್ನಾಗಿ ಕೆಲಸ ಮಾಡಿತು.

ಆ ಹುಡುಗಿ ಗೋಣಿಕೊಪ್ಪಲಿನವಳು. ತಂದೆ ಜೀಪು ಓಡಿಸುತ್ತಿದ್ದರು. ಹಿಂದಿನ ಸಲ ಇದೇ ಪರೀಕ್ಷೆಯಲ್ಲಿ ನರದ ಕೇಸೇ ಬಂದು ಫೇಲಾಗಿದ್ದಳು. ಅವಳ ಜೊತೆಯವರೆಲ್ಲ ಆಗಲೇ ಹೌಸ್ ಸರ್ಜನ್ ಆಗಿ ಅದೇ ವಾರ್ಡಿನಲ್ಲಿ ಕತ್ತಿಗೆ ಸ್ಟೆತಸ್ಕೋಪು ನೇತುಹಾಕಿಕೊಂಡು ಓಡಾಡುತ್ತಿದ್ದರು. ಇವಳು ಕಿರಿಯರ ಜೊತೆ ಕೂತು ಮತ್ತೆ ಕಲಿಯಬೇಕು. "ಈ ಸಲವೂ ಆಗ್ದಿದ್ರೆ ನಾನು ಬಿಟ್ಟುಬಿಡ್ತೇನೆ ಸರ್. ಅಪ್ಪನಿಗೆ ಇನ್ನೊಂದ್ಸಲ ಹೇಳ್ಲಿಕ್ಕೆ ನನ್ನಿಂದಾಗುದಿಲ್ಲ" ಎಂದಿದ್ದಳು. ಬಾಯಿಮಾತಿಗೆ ಹೇಳಿದ್ದಲ್ಲ ಎಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು.

ಅವಳಿಗೆ ತಿಳಿವಳಿಕೆಯ ಕೊರತೆ ಇರಲಿಲ್ಲ, ಆದರೆ ತುಂಬ ನಿಧಾನ. ವಾಸನೆ ಗೊತ್ತಾಗುತ್ತದೆಯೇ ಎಂಬುದರಿಂದ ಹಿಡಿದು ಹೆಬ್ಬೆರಳಿನವರೆಗೆ ಎಲ್ಲವನ್ನೂ ನೋಡದೆ ಅವಳಿಗೆ ಸಮಾಧಾನವಿಲ್ಲ. ನಾನು ನಡೆಸಿದ ಅಣಕು ಪರೀಕ್ಷೆಯಲ್ಲಿ ಗಂಟೆ ಮುಗಿದಾಗ ಅವಳು ಇನ್ನೂ ರೋಗಿಯ ಕುತ್ತಿಗೆಯ ಹತ್ತಿರ ಇದ್ದಳು. ನನಗೆ ಸಿಟ್ಟು ಬಂತು.

"ಕಾಲು ಸೋತಿದೆ ಅಂತ ಬಂದವನ ಮೂಗಿನ ಹತ್ತಿರ ನಿನಗೇನು ಕೆಲಸ?"

"ತಲೆಯಿಂದ ಕಾಲಿಗೆ ನೋಡ್ಬೇಕು ಅಂತ ನೀವೇ ಹೇಳಿದ್ದಲ್ವಾ ಸರ್?"

"ಅದು ಕಲಿಯೋಕೆ. ಪರೀಕ್ಷೆ ಬೇರೆ."

ಅವಳು ತಲೆಯಾಡಿಸಿದಳು. ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ.

ಪಿಕ್ಕಿಂಗ್ ಮುಗಿದು, ಹೂಮಳೆ ಬಿದ್ದು, ಕಾಫಿ ಅರಳಿ ತೋಟಗಳೆಲ್ಲ ಬೆಳ್ಳಗಾದ ವಾರದಲ್ಲಿ ಪರೀಕ್ಷೆ ಬಂತು. ಇವತ್ತಿಗೂ ಎಲ್ಲಾದರೂ ಕಾಫಿ ಹೂವಿನ ವಾಸನೆ ಮೂಗಿಗೆ ಬಡಿದರೆ ನಾನು ಮನಸ್ಸಿನಲ್ಲೇ ಕೇಸುಗಳನ್ನು ಎಣಿಸತೊಡಗುತ್ತೇನೆ. ಹಿಂದಿನ ದಿನವೇ ಕೇಸುಗಳು ಕೈಕೊಡತೊಡಗಿದವು. ಕೈ ನಡುಗುವ ಅಜ್ಜಿ ಮೊಮ್ಮಗಳ ಮದುವೆಗೆಂದು ಕೇರಳಕ್ಕೆ ಹೋಗಿದ್ದರು. ಮೇಷ್ಟ್ರು ಬರಬೇಕಾಗಿದ್ದ ದಾರಿಯಲ್ಲಿ ಆನೆ ಬಂದು ನಿಂತು ಜೀಪು ವಾಪಸು ಹೋಗಿತ್ತು. ಮುಖ ವಾಲಿದ್ದ ಡ್ರೈವರ್ ನಗುತ್ತಾ ಬಂದ. ನಗು ಎರಡೂ ಕಡೆ ಸಮನಾಗಿತ್ತು. ಪೂರ್ತಿ ಗುಣವಾಗಿಬಿಟ್ಟಿದ್ದ ಅವನನ್ನು ನೋಡಿ ಸಂತೋಷಪಡುವುದು ಬಿಟ್ಟು ನಾನು ತಲೆ ಚಚ್ಚಿಕೊಂಡೆ.

ಪರೀಕ್ಷೆಯ ದಿನ ರೈಟರ್ ತಾತ ಮಾತ್ರ ಎಲ್ಲರಿಗಿಂತ ಮೊದಲು ಬಂದರು. ಫೋನಿನಲ್ಲಿ ಮಾತಾಡಿದ್ದೆನೇ ಹೊರತು ನಾನು ಅವರನ್ನು ನೋಡಿದ್ದು ಅವತ್ತೇ ಮೊದಲು. "ಇಸ್ತ್ರಿ ಮಾಡಿದ ತುಂಬುತೋಳಿನ ಬಿಳಿ ಅಂಗಿ ಹಾಕಿರೋರು ಯಾರೋ ಅವರೇ" ಎಂದು ಮುಖ್ಯಸ್ಥರು ಗುರುತು ಹೇಳಿದ್ದರು. ಬಂದವರು ತಲೆಯ ಮೇಲಿಂದ ಎಳೆದು ಹಾಕುವ ಸ್ವೆಟರಿನಲ್ಲಿದ್ದರು.

"ಈ ಸೆಕೆಗೆ ಸ್ವೆಟರಾ ತಾತ?"

"ವಯಸ್ಸಾಯ್ತಲ್ಲಾ ಡಾಕ್ಟ್ರೇ, ಚಳಿ ಒಳಗಿನ್ದು" ಎಂದು ನಕ್ಕರು. ಕಾಫಿ ತರಿಸಿದರೆ "ಮೇಜಿನ ಮ್ಯಾಲಿಡಿ, ಆರ್ಲಿ" ಎಂದರು. ಆಮೇಲೆ ಸಾಲಾಗಿ ನಿಂತಿದ್ದ ವಿದ್ಯಾರ್ಥಿಗಳ ಕಡೆ ತಿರುಗಿ, ಎಸ್ಟೇಟಿನ ಗಂಟಲಿನಲ್ಲಿ ಒಬ್ಬೊಬ್ಬರ ಹೆಸರು ಕೇಳಿ ಹಾಜರಿ ತೆಗೆದರು. ಪ್ರತಿ ವರ್ಷವೂ ಅದು ನಡೆಯುತ್ತಿತ್ತಂತೆ. "ವರ್ಷಕ್ಕೆ ಇದೊಂದಿನ ಅವರು ಮತ್ತೆ ರೈಟರ್ ಆಗ್ತಾರೆ ಸಾರ್. ಹದಿನೈದು ದಿನ ಮುಂಚಿಂದ ಮನೇಲಿ ಇದೇ ಮಾತು" ಎಂದರು ಜೊತೆಗೆ ಬಂದಿದ್ದ ಮಗಳು. ಅವರಿಗೂ ಅಪ್ಪನ ಆ ಗತ್ತು ನೋಡುವುದು ಖುಷಿ.

ಯಾರಿಗೆ ಯಾವ ಕೇಸು ಎಂದು ಚೀಟಿ ಎತ್ತಿದಾಗ ಗೋಣಿಕೊಪ್ಪಲಿನ ಹುಡುಗಿಗೆ ರೈಟರ್ ತಾತ ಬಂದರು. ಉಳಿದವರು ಹೊಟ್ಟೆಕಿಚ್ಚಿನಿಂದ ನೋಡಿದರು. ನನಗೂ ಹೋದ ಜೀವ ಬಂದಂತಾಯಿತು. ಉತ್ತರ ಗೊತ್ತಿರುವ ಪ್ರಶ್ನೆ, ಇನ್ನು ಇವಳು ಪಾಸು ಎಂದುಕೊಂಡೆ.

ಆ ಒಂದು ಗಂಟೆ ನಾವು ವಿದ್ಯಾರ್ಥಿಗಳನ್ನು ಮಾತಾಡಿಸುವಂತಿಲ್ಲ. ಕೇಸುಗಳಿಗೆ ನೀರು, ಹೊದಿಕೆ ಬೇಕೇ ಎಂದು ನೋಡಿಕೊಂಡು ಓಡಾಡುವುದಷ್ಟೇ ನನ್ನ ಕೆಲಸ. ತಾತನ ಮಂಚದ ಸುತ್ತಲಿನ ಪರದೆಯ ಪಕ್ಕ ಹಾದುಹೋಗುವಾಗ ಒಳಗಿನ ಮಾತು ಕಿವಿಗೆ ಬಿತ್ತು.

"ಕೈ ಬಿಡವ್ವ, ಕೈಯಲ್ಲೇನೈತೆ? ಕಾಲು ನೋಡು. ಮಾರ್ಕ್ಸು ಇರೋದು ಕಾಲಲ್ಲಿ."

"ಒಂದ್ಸಲ ಸಡಿಲ ಬಿಡಿ ತಾತ. ಬೆರಳು ಯಾಕೆ ಹೀಗೆ ಮಡಚ್ತದೆ? ಎಷ್ಟು ದಿವಸ ಆಯ್ತು?"

ತಾತನ ದನಿ ತಗ್ಗಿತು.

"ನೋಡು ಮಗ, ಇದನ್ನ ಹೇಳ್ಬ್ಯಾಡ. ಕಾಲಿನ್ದು ಹೇಳಿದ್ರೆ ನೀನೂ ಪಾಸಾಯ್ತೀಯ, ಬರೋ ವರ್ಷ ನನ್ನನ್ನೂ ಕರೀತಾರೆ. ಕೈಯೂ ಹೋಗೈತೆ ಅಂದ್ರೆ ಈ ಕೇಸು ಕೆಟ್ಟೋಯ್ತು ಅಂತ ಬಿಟ್ಟುಬಿಡ್ತಾರೆ."

ನಾನು ಅಲ್ಲೇ ನಿಂತುಬಿಟ್ಟೆ. ಒಳಗೆ ಹೋಗುವಂತಿಲ್ಲ, ಕೇಳಿಸಲಿಲ್ಲ ಎಂದು ನಟಿಸುವುದೂ ಆಗುತ್ತಿಲ್ಲ. ಸ್ವೆಟರು ನೆನಪಾಯಿತು. ಮೇಜಿನ ಮೇಲೆ ಹಾಗೇ ತಣ್ಣಗಾದ ಕಾಫಿ ನೆನಪಾಯಿತು. ಆ ಮನುಷ್ಯ ಕೋಲು ಊರಿ ನಡೆಯುವುದು ತೋಳು, ಕೈಗಳ ಬಲದಿಂದ. ಕೈಯೂ ಹೋದರೆ ಮಂಚದಿಂದ ಏಳುವುದು ಮುಗಿಯಿತು.

ಗಂಟೆ ಮುಗಿದು ಹೊರಗಿನ ಕಾಲೇಜಿನಿಂದ ಬಂದಿದ್ದ ಪರೀಕ್ಷಕರು ಪರದೆ ಸರಿಸಿದರು. ಹೆಸರುವಾಸಿ ವೈದ್ಯರು, ಮಾತು ಚುಟುಕು. ಅವಳು ಒಪ್ಪಿಸತೊಡಗಿದಳು. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು, ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ. ಕಾಲಿನ ವಿಷಯ ಸರಿಯಾಗಿ ಹೇಳಿದಳು. ಅಲ್ಲಿಗೆ ನಿಲ್ಲಿಸಿದ್ದರೆ ಅವಳು ಪಾಸಾಗುತ್ತಿದ್ದಳು. ಒಂದು ಸಲ ತಾತನ ಮುಖ ನೋಡಿದಳು. ತಾತ ಕಿಟಕಿಯ ಕಡೆ ನೋಡುತ್ತಿದ್ದರು.

"ಸರ್, ಕೈಯಲ್ಲೂ ದೋಷ ಇದೆ. ಮಣಿಕಟ್ಟಿನ ಹತ್ತಿರ ಸುತ್ತಿಗೆ ತಾಗಿಸಿದರೆ ಮೊಣಕೈ ಮಡಚುತ್ತಿಲ್ಲ, ಅದರ ಬದಲು ಬೆರಳುಗಳು ಮಡಚುತ್ತವೆ. ಕುತ್ತಿಗೆಯಲ್ಲಿ ಬೆನ್ನುಹುರಿಯ ಮೇಲೆ ಒತ್ತಡ ಇರಬೇಕು."

ಪರೀಕ್ಷಕರು ಕನ್ನಡಕದ ಮೇಲಿಂದ ನೋಡಿದರು. "ರೋಗ ಬೆನ್ನಿನಲ್ಲಿದೆ ಅಂದಿ, ಈಗ ಕುತ್ತಿಗೆ ಅನ್ನುತ್ತೀಯ. ನಿನಗೆ ಒಂದು ಜಾಗ ಸಾಲದೆ?"

ಅವರ ಪ್ರಶ್ನೆ ತಪ್ಪಲ್ಲ. ಎಲ್ಲ ಲಕ್ಷಣಗಳಿಗೂ ಒಂದೇ ಜಾಗ ಹುಡುಕಿ ಎಂದು ನರರೋಗದ ಪಾಠದಲ್ಲಿ ನಾವೇ ಕಲಿಸುತ್ತೇವೆ.

"ಎರಡು ಜಾಗ ಸರ್. ಒಂದು ಹಳೇದು, ಒಂದು ಹೊಸದು. ಕಾಲು ಮೊದಲೇ ಬಿಗಿಯಾಗಿರೋದರಿಂದ ಕುತ್ತಿಗೆಯ ತೊಂದರೆಯನ್ನು ಕಾಲು ಹೇಳಲ್ಲ. ಕೈ ಮಾತ್ರ ಹೇಳುತ್ತೆ."

ಪರೀಕ್ಷಕರು ಸುತ್ತಿಗೆ ತೆಗೆದುಕೊಂಡು ತಾತನ ಮಣಿಕಟ್ಟಿನ ಹತ್ತಿರ ಎರಡು ಸಲ ತಟ್ಟಿದರು. ಏನೂ ಆಗಲಿಲ್ಲ. ತಾತ ತೋಳನ್ನು ಕಲ್ಲಿನ ಹಾಗೆ ಬಿಗಿ ಹಿಡಿದಿದ್ದರು. ಬಿಗಿ ಹಿಡಿದ ತೋಳಿನಲ್ಲಿ ಯಾರು ತಟ್ಟಿದರೂ ಏನೂ ಕಾಣುವುದಿಲ್ಲ. "ಅಪ್ಪರ್ ಲಿಂಬ್ ನಾರ್ಮಲ್ ಸಾರ್. ಕಾಲು ಮಾತ್ರ" ಎಂದು ತಾತ ತಾವೇ ಹೇಳಿದರು. ಎಸ್ಟೇಟಿನ ಇಂಗ್ಲಿಷ್ ಅವರಿಗೆ ಚೆನ್ನಾಗಿಯೇ ಬರುತ್ತಿತ್ತು.

"ಪುಸ್ತಕದಲ್ಲಿ ಓದಿದ್ದನ್ನೆಲ್ಲ ರೋಗಿಯ ಮೈಮೇಲೆ ಹಾಕಬಾರದು" ಎಂದು ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದರು. ಹುಡುಗಿ ತುಟಿ ಕಚ್ಚಿಕೊಂಡು ನಿಂತಿದ್ದಳು. ಕಣ್ಣು ತುಂಬಿತ್ತು.

ಕೇಸು ತಂದವನು ಪರೀಕ್ಷೆಯ ನಡುವೆ ಬಾಯಿ ಹಾಕಬಾರದು. ಅದು ಎಲ್ಲ ಕಡೆ ಇರುವ ಕಟ್ಟುಪಾಡು. ಬಾಯಿ ಹಾಕಿದರೆ ನನ್ನ ವಿದ್ಯಾರ್ಥಿನಿಯನ್ನು ಪಾಸು ಮಾಡಿಸಲು ಹೊರಟೆ ಎಂದಾಗುತ್ತದೆ. ಸುಮ್ಮನಿದ್ದರೆ ಅವಳು ಹೋಗುತ್ತಾಳೆ, ತಾತನ ಕೈಯೂ ಹೋಗುತ್ತದೆ. ಹಾಳಾಗಲಿ ಎಂದುಕೊಂಡೆ.

"ಸರ್, ಕ್ಷಮಿಸಿ. ಒಂದು ನಿಮಿಷ."

ನನ್ನ ಬಿಳಿ ಕೋಟು ಬಿಚ್ಚಿ ತಾತನ ಹೆಗಲಿಗೆ ಹಾಕಿದೆ. ತೋಳು ತೂರಿಸಿದೆ.

"ತಾತ, ಇದರ ಗುಂಡಿ ಹಾಕಿ."

ತಾತ ನನ್ನನ್ನೇ ನೋಡಿದರು. "ಡಾಕ್ಟ್ರೇ, ನೀವೂನಾ?" ಎಂದರು ಮೆಲ್ಲಗೆ.

ಆಮೇಲೆ ತಲೆ ಬಗ್ಗಿಸಿ ಗುಂಡಿ ಹಿಡಿಯಲು ಹೋದರು. ಬೆರಳುಗಳು ಗುಂಡಿಯ ಸುತ್ತ ತಡಕಾಡಿದವು, ಹಿಡಿದವು, ಬಿಟ್ಟವು. ಕಾಜಕ್ಕೆ ತಂದು ತೂರಿಸುವಷ್ಟರಲ್ಲಿ ಜಾರಿತು. ಎರಡೂ ಕೈ ಸೇರಿಸಿದರು. ಮತ್ತೆ ಜಾರಿತು. ಎಸ್ಟೇಟಿನ ಆಳುಗಳನ್ನೆಲ್ಲ ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದ ಮನುಷ್ಯ ನಮ್ಮೆಲ್ಲರ ಮುಂದೆ ಒಂದು ಗುಂಡಿ ಹಾಕಲಾರದೆ ಕೂತಿದ್ದರು. ನನಗೆ ತುಂಬ ಸಂಕಟವಾಯಿತು. ಬೇರೆ ದಾರಿ ಇತ್ತೇನೋ, ಆ ಗಳಿಗೆಗೆ ನನಗೆ ಹೊಳೆಯಲಿಲ್ಲ.

ಪರೀಕ್ಷಕರು ಪೆನ್ನು ಮುಚ್ಚಿದರು. ಸ್ಟೂಲು ಎಳೆದುಕೊಂಡು ತಾತನ ಎದುರು ಕೂತರು. ಇಂಗ್ಲಿಷ್ ಬಿಟ್ಟು, "ಎಷ್ಟು ದಿವಸದಿಂದ ಹೀಗೆ ಯಜಮಾನ್ರೇ?" ಎಂದು ಕೇಳಿದರು.

"ಮಳೆಗಾಲ್ದಿಂದ ಸಾರ್" ಎಂದರು ತಾತ. "ಅಂಗಿ ಬಿಟ್ಟು ಸ್ವೆಟರ್ ಹಾಕ್ಕಂಡೆ. ಮಗಳಿಗೂ ಹೇಳ್ಲಿಲ್ಲ. ಹೇಳಿದ್ರೆ ಇಲ್ಲಿಗೆ ಕಳಿಸ್ತಿರಲಿಲ್ಲ."

ಈಗ ತೋಳು ಸಡಿಲವಾಗಿತ್ತು. ಪರೀಕ್ಷಕರು ಸುತ್ತಿಗೆಯನ್ನು ಹುಡುಗಿಯ ಕೈಗೆ ಕೊಟ್ಟರು. ಅವಳು ಬಗ್ಗಿ ತಾತನ ಕಾಲು ಮುಟ್ಟಿ, ಆಮೇಲೆ ಮಣಿಕಟ್ಟಿನ ಹತ್ತಿರ ಸುತ್ತಿಗೆ ಬಿಟ್ಟಳು. ಬೆರಳುಗಳು ಒಟ್ಟಿಗೆ ಮಡಚಿಕೊಂಡವು. "ಇವರನ್ನ ಮೊದಲು ಮೈಸೂರಿಗೆ ಕಳಿಸಿ" ಎಂದಷ್ಟೇ ಹೇಳಿ ಪರೀಕ್ಷಕರು ಮುಂದಿನ ಮಂಚಕ್ಕೆ ಹೋದರು.

ಹೊರಗೆ ಪಡಸಾಲೆಯಲ್ಲಿ ತಾತ ಅವಳ ಮೇಲೆ ಮುನಿಸಿಕೊಂಡಿದ್ದರು. "ನನ್ನ ಕೆಲ್ಸಕ್ಕೇ ಕಲ್ಲು ಹಾಕ್ದೆಯಲ್ಲವ್ವ!"

"ಹೌದು ತಾತ, ಹಾಕಿದೆ" ಎಂದಳು ಅವಳು. ಕಣ್ಣೊರೆಸಿಕೊಳ್ಳುತ್ತಾ ಆರಿಹೋದ ಕಾಫಿಯನ್ನು ಬಿಸಿ ಮಾಡಿಸಿ ತಂದು ತಾನೇ ಕುಡಿಸಿದಳು. ತಾತ ಬೈಯುತ್ತಲೇ ಕುಡಿದರು.

ಮೈಸೂರಿನಲ್ಲಿ ತೆಗೆಸಿದ ಸ್ಕ್ಯಾನಿನಲ್ಲಿ ಕುತ್ತಿಗೆಯ ಸವೆದ ಮೂಳೆ ಬೆನ್ನುಹುರಿಯನ್ನು ಒತ್ತುತ್ತಿರುವುದು ಕಂಡಿತು. ಎಲ್ಲಾದರೂ ಬಿದ್ದಿದ್ದರೆ ಪ್ರಾಣಕ್ಕೇ ಸಂಚಕಾರ ಎಂದರಂತೆ ಅಲ್ಲಿಯ ಶಸ್ತ್ರವೈದ್ಯರು. ಒತ್ತಡ ತೆಗೆದರೆ ಇದ್ದದ್ದು ಉಳಿಯಬಹುದು, ಹೋದದ್ದು ಬಂದರೆ ಬಂತು ಎಂಬ ಮಾತಿನ ಮೇಲೆ ಶಸ್ತ್ರಚಿಕಿತ್ಸೆ ನಡೆಯಿತು. ಅದೇ ವಾರ ಫಲಿತಾಂಶ ಬಂತು. ಹುಡುಗಿ ಪಾಸಾಗಿದ್ದಳು. ಅವಳ ತಂದೆ ಜೀಪು ತುಂಬ ಕಿತ್ತಳೆ ಹೇರಿಕೊಂಡು ಬಂದು, ವಾರ್ಡಿನ ರೋಗಿಗಳಿಗೆ, ಕೊನೆಗೆ ನಮ್ಮ ವಾಚ್‌ಮ್ಯಾನಿಗೂ ಹಂಚಿ ಹೋದರು. ಅಷ್ಟು ಸಿಹಿಯಾದ ಕಿತ್ತಳೆ ನಾನು ಆಮೇಲೆ ತಿಂದಿಲ್ಲ.

ಈಗ ನಾನು ಆ ಆಸ್ಪತ್ರೆಯಲ್ಲಿಲ್ಲ. ಬಯಲುಸೀಮೆಯ ದೊಡ್ಡ ಕಾಲೇಜಿನಲ್ಲಿ, ಹತ್ತಿ ಒಣಗಿಯೇ ಇರುವ ವಾರ್ಡಿನಲ್ಲಿ ಪಾಠ ಮಾಡುತ್ತೇನೆ. ಸಲಕರಣೆಗೆ ಕೊರತೆಯಿಲ್ಲ. ಆದರೂ ಸಂಜೆಯಾದರೆ ಆ ಪಡಸಾಲೆ, ಆ ಸ್ವೆಟರಿನ ಮಕ್ಕಳು, "ಅಯ್ಯೋ, ತಣ್ಣಗೈತೆ" ಎನ್ನುತ್ತಿದ್ದ ಅಜ್ಜಂದಿರು ನೆನಪಾಗಿ ಜೀವ ಅತ್ತ ಎಳೆಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಆ ಪರೀಕ್ಷೆಯ ಮರುವರ್ಷದ ಒಂದು ಬೆಳಗು.

ಆ ವರ್ಷ ನಾನು ರೈಟರ್ ತಾತನಿಗೆ ಫೋನ್ ಮಾಡಿರಲಿಲ್ಲ. ಶಸ್ತ್ರಚಿಕಿತ್ಸೆಯಾದ ಮನುಷ್ಯನನ್ನು ಮತ್ತೆ ಯಾಕೆ ಕೂರಿಸುವುದು ಎಂದು ಬಿಟ್ಟಿದ್ದೆ. ಹೂಮಳೆಯ ಮಾರನೆ ದಿನ ಅವರದೇ ಫೋನ್ ಬಂತು. "ಏನ್ ಡಾಕ್ಟ್ರೇ, ಮಸ್ಟರಿಂದ ನನ್ನ ಹೆಸ್ರು ಹೊಡೆದಾಕಿದ್ರಾ?" ಎಂದು ಜೋರು ಮಾಡಿದರು. ಬನ್ನಿ ಎಂದೆ.

ಬಂದರು. ಇಸ್ತ್ರಿ ಮಾಡಿದ ತುಂಬುತೋಳಿನ ಬಿಳಿ ಅಂಗಿ. ಕತ್ತಿನ ತನಕ ಗುಂಡಿ. ಹೊಸ ಹುಡುಗರ ಹಾಜರಿ ತೆಗೆದರು. ಹೌಸ್ ಸರ್ಜನ್ ಆಗಿದ್ದ ಗೋಣಿಕೊಪ್ಪಲಿನ ಹುಡುಗಿ ಪಕ್ಕದ ವಾರ್ಡಿನಿಂದ ಓಡಿಬಂದು ಕಾಲು ಮುಟ್ಟಿದಳು. ಚೀಟಿ ಎತ್ತಿ ಬಂದ ಹುಡುಗ ಬೆವರುತ್ತಾ ನೇರವಾಗಿ ಕಾಲಿನ ಕಡೆ ಹೋದ. ತಾತ ಕೋಲು ಅಡ್ಡ ಹಿಡಿದರು.

"ಮೊದ್ಲು ಕೈ ನೋಡ್ಲಾ. ಕಾಲು ಎಲ್ಲಿಗೂ ಓಡೋಗಲ್ಲ."

ತೋಳು ನೋಡಲು ಅಂಗಿ ಬಿಚ್ಚಬೇಕಿತ್ತು. ಇನ್ನೂ ಅಲ್ಲೇ ನಿಂತಿದ್ದ ಹುಡುಗಿ ವಾರ್ಡಿನ ರೂಢಿಯಂತೆ ಗುಂಡಿಗೆ ಕೈ ಹಾಕಿದಳು. ತಾತ ಅವಳ ಕೈಯನ್ನು ಮೆಲ್ಲಗೆ ಸರಿಸಿ, ಮೇಲಿನಿಂದ ಒಂದೊಂದಾಗಿ ತಾವೇ ಬಿಚ್ಚತೊಡಗಿದರು. ತುಂಬ ನಿಧಾನ. ಕೊನೆಯ ಗುಂಡಿ ಎರಡು ಸಲ ಜಾರಿತು. ಪರೀಕ್ಷೆಯ ಹೊತ್ತು ಓಡುತ್ತಿತ್ತು, ಆದರೂ ಯಾರೂ ಸಹಾಯಕ್ಕೆ ಹೋಗಲಿಲ್ಲ. ಅದು ಬಿಚ್ಚುವ ತನಕ ನಾವೆಲ್ಲ ನಿಂತು ಕಾದೆವು.